ತಪ್ಪಿಲ್ಲದ ಪ್ರಶ್ನೆಪತ್ರಿಕೆ

ಸರಿಯಾಗಿರುವ ಇಂಗ್ಲಿಷ್ ವಾಕ್ಯವನ್ನು ಕೆಡಿಸುವುದು ನನ್ನ ಕೆಲಸದ ಅರ್ಧ ಭಾಗ. ಕೆಟ್ಟದ್ದನ್ನು ಪತ್ತೆ ಹಚ್ಚಿ ತಿದ್ದುವುದು ಹೇಗೆಂದು ಹೇಳಿಕೊಡುವುದು ಇನ್ನರ್ಧ. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿರುವ ಕೋಚಿಂಗ್ ಸೆಂಟರಿನಲ್ಲಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಕೂರುವವರಿಗೆ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಪರೀಕ್ಷೆಯಲ್ಲಿ ಗಣಿತವೂ ಇದೆ, ರೀಸನಿಂಗೂ ಇದೆ. ನಮ್ಮ ಕಡೆಯ ಕನ್ನಡ ಮಾಧ್ಯಮದವರು ಅವೆರಡನ್ನೂ ಹೇಗೋ ದಾಟಿಬಿಡುತ್ತಾರೆ. ಕಾಲು ಸಿಕ್ಕಿಕೊಳ್ಳುವುದು ಇಂಗ್ಲಿಷಿನಲ್ಲಿ, ಅದರಲ್ಲೂ ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ.

ಆ ಪ್ರಶ್ನೆಯ ರೂಪ ಹೆಚ್ಚುಕಡಿಮೆ ಒಂದೇ. ಒಂದು ವಾಕ್ಯ ಕೊಟ್ಟು, ಅದರೊಳಗಿನ ಕೆಲವು ಪದಗಳನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಆ ಪದಗಳ ಜಾಗಕ್ಕೆ ಏನು ಬರಬೇಕು ಎನ್ನುವುದಕ್ಕೆ ಕೆಳಗೆ ನಾಲ್ಕು ಆಯ್ಕೆಗಳು. ಐದನೆಯ ಆಯ್ಕೆ ‘ತಿದ್ದುಪಡಿ ಬೇಕಿಲ್ಲ’. ಉತ್ತರ ತಪ್ಪಾದರೆ ಕಾಲು ಅಂಕ ಕಳೆಯುತ್ತಾರೆ. ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ ಎಂದು ಎಲ್ಲ ಕೋಚಿಂಗ್ ಸೆಂಟರುಗಳಲ್ಲೂ ಹೇಳುತ್ತಾರೆ, ಆದರೆ ಬಿಟ್ಟವರು ಆಯ್ಕೆಗೆ ಬೇಕಾದ ಕಟ್-ಆಫ್ ಅಂಕ ಮುಟ್ಟುವುದಿಲ್ಲ.

ವಾರಕ್ಕೊಂದು ಪ್ರಶ್ನೆಪತ್ರಿಕೆ ನಾನೇ ತಯಾರಿಸಬೇಕು. ಅದಕ್ಕೊಂದು ಕ್ರಮವಿದೆ. ಮೊದಲು ಇಂಗ್ಲಿಷ್ ಪತ್ರಿಕೆಯಿಂದ ಒಂದು ಒಳ್ಳೆಯ ವಾಕ್ಯ ಆರಿಸಿಕೊಳ್ಳುತ್ತೇನೆ. ಎಲ್ಲಿ ಎಡವಬಹುದು ಎಂದು ನೋಡಿ ಅಲ್ಲಿ ಗೆರೆ ಎಳೆಯುತ್ತೇನೆ. ಆ ತುಂಡನ್ನೇ ನಾಲ್ಕು ಬಗೆಯಲ್ಲಿ ತಪ್ಪಾಗಿ ಬರೆಯುತ್ತೇನೆ. ಕೊನೆಗೆ ವಾಕ್ಯದಲ್ಲಿದ್ದ ಸರಿಯಾದ ತುಂಡನ್ನು ಕಿತ್ತು ಕೆಳಗೆ ಆಯ್ಕೆಗಳ ಮಧ್ಯೆ ಸೇರಿಸಿ, ತಪ್ಪುಗಳಲ್ಲಿ ಒಂದನ್ನು ಮೇಲಕ್ಕೆ ತಂದು ಕೂರಿಸುತ್ತೇನೆ. ಈ ಕೊನೆಯ ಅದಲುಬದಲು ಮುಗಿದಾಗಲೇ ಅದು ಪ್ರಶ್ನೆಯಾಗುವುದು. ಅಲ್ಲೊಂದು ಇಲ್ಲೊಂದು ವಾಕ್ಯವನ್ನು ಅದಲುಬದಲು ಮಾಡದೆ ಹಾಗೇ ಬಿಡುವುದುಂಟು, ಐದನೆಯ ಆಯ್ಕೆಗೂ ಕೆಲಸವಿರಲಿ ಎಂದು.

ನಾನು ಹೇಳಹೊರಟಿರುವುದು ನನ್ನ ಗಂಡ ತೀರಿಕೊಂಡ ವರ್ಷದ ಮಾತು. ನಮ್ಮದು ತಿರುಮಕೂಡಲು ನರಸೀಪುರದಲ್ಲಿ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ; ಇವರು ಮಾತ್ರ ಹೈಸ್ಕೂಲು ಮೇಷ್ಟ್ರಾಗಿದ್ದರು. ಒಂದು ಬೆಳಿಗ್ಗೆ ಕಾಫಿ ಕುಡಿದು ಸ್ನಾನಕ್ಕೆಂದು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಕರ್ಮಗಳೆಲ್ಲ ಕಳೆದ ಮೇಲೆ ಮತ್ತೆ ಬಸ್ಸು ಹತ್ತಿ ನಂಜನಗೂಡಿಗೆ ಹೋಗತೊಡಗಿದೆ. ಎಷ್ಟು ಗಟ್ಟಿ ಹೆಂಗಸು ಎಂದು ಜನ ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಅಳುವೂ ಬರಲಿಲ್ಲ. ಅಮಾವಾಸ್ಯೆಯ ದಿನ ಬಸ್ಸಿನೊಳಗೆ ಯಾತ್ರಿಕರ ನೂಕುನುಗ್ಗಲಿನಲ್ಲಿ ಯಾರೋ ನನ್ನ ಕಾಲು ತುಳಿದರೂ ಇಳಿದ ಮೇಲೆ ಚಪ್ಪಲಿ ನೋಡಿಕೊಂಡಾಗಲೇ ಗೊತ್ತಾಗುತ್ತಿತ್ತು.

ನಾಲಿಗೆಯೂ ಸತ್ತಿತ್ತು. ಒಮ್ಮೆ ನಾನು ತಂದಿದ್ದ ಉಪ್ಪಿಟ್ಟನ್ನು ಸೆಂಟರಿನ ಗಣಿತದ ಮೇಷ್ಟ್ರು ಒಂದು ಚಮಚ ಬಾಯಿಗಿಟ್ಟುಕೊಂಡು ನೀರಿನ ಬಾಟಲಿಗೆ ಕೈ ಚಾಚಿದರು. ಎರಡು ಸಲ ಉಪ್ಪು ಹಾಕಿದ್ದೆನಂತೆ. ಅದರಲ್ಲಿ ಅರ್ಧವನ್ನು ನಾನು ಆಗಲೇ ತಿಂದು ಮುಗಿಸಿದ್ದೆ. ಮನೆಯಲ್ಲಿ ಬೆಳಿಗ್ಗೆ ಕಾಫಿ ಮಾಡಿಕೊಳ್ಳುತ್ತಿದ್ದೆ, ಕುಡಿಯುತ್ತಿದ್ದೆ, ಹೇಗಿದೆ ಎಂದು ಗೊತ್ತಾಗುತ್ತಿರಲಿಲ್ಲ. ಇವರಿದ್ದಾಗ ದಿನಾ ಬೆಳಿಗ್ಗೆ ಒಂದು ಗುಟುಕು ಕುಡಿದು, "ಡಿಕಾಕ್ಷನ್ ಸ್ವಲ್ಪ ಕಡಿಮೆ ಆಯ್ತು ನೋಡು" ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಹಾಗನ್ನುತ್ತಲೇ ಎರಡನೆಯ ಲೋಟಕ್ಕೆ ಕೈ ಚಾಚುತ್ತಿದ್ದರಲ್ಲ, ಅದನ್ನು ನೋಡಿ ನೋಡಿ ಸಿಟ್ಟು ಹೋಯಿತು.

ಆ ವರ್ಷದ ಭಾನುವಾರದ ಬ್ಯಾಚಿನಲ್ಲಿ ಹೆಡತಲೆ ಎಂಬ ಹತ್ತಿರದ ಹಳ್ಳಿಯಿಂದ ಒಬ್ಬಳು ಬರುತ್ತಿದ್ದಳು. ಬಿ.ಕಾಂ. ಮಾಡಿದವಳು, ಒಕ್ಕಲು ಮನೆಯ ಸೊಸೆ. ಬೆಳಗಿನ ಹಾಲು ಕರೆದು ಡೈರಿಗೆ ಹಾಕಿಸಿದ ಮೇಲೆ ಮಾವನ ಮೊಪೆಡ್ಡಿನ ಹಿಂದೆ ಕೂತು ಬರುತ್ತಿದ್ದಳು. ಹಿಂದಿನ ಪರೀಕ್ಷೆಗಳಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು. ಇಂಗ್ಲಿಷಿನಲ್ಲಿ ಮಾತ್ರ ಪ್ರತಿ ಸಲವೂ ಕೂದಲೆಳೆಯಲ್ಲಿ ಬಿದ್ದುಹೋಗಿದ್ದಳು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಸೇರುವಾಗಲೇ ನನ್ನ ಹತ್ತಿರ ಹೇಳಿದ್ದಳು: "ಈ ಸಲ ಆಗ್ನಿಲ್ಲ ಅಂದ್ರೆ ಇನ್ನಿಲ್ಲ ಮೇಡಂ. ಇನ್ನೆರಡು ಅಸ ತರ್ತರಂತೆ. ಆಮೇಲೆ ನಾನು ಕೊಟ್ಟಿಗೆ ಬುಟ್ಟು ಆಚೆಗೆ ಬರಕ್ಕಾಗಲ್ಲ." ದುಃಖದಿಂದ ಹೇಳಿದ ಮಾತಲ್ಲ ಅದು. ನಾಳೆ ಕರೆಂಟಿರುವುದಿಲ್ಲ ಎಂದು ಹೇಳುವ ಹಾಗೆ ಹೇಳಿದ್ದಳು.

ಅವಳ ಮಾವ ಕ್ಲಾಸು ಮುಗಿಯುವ ತನಕ ಕೆಳಗಿನ ಹೋಟೆಲಿನಲ್ಲಿ ಕಾಯುತ್ತಿದ್ದರು. ಅವರ ಬಾಯಲ್ಲಿ ಯಾವುದೂ ಚೆನ್ನಾಗಿದ್ದದ್ದಿಲ್ಲ. ಹೋಟೆಲಿನ ಟೀ ನೀರು, ನಮ್ಮ ಮೆಟ್ಟಿಲು ಕಡಿದು, ಬಟ್ಟೆ ಅಂಗಡಿಯವನ ಬೋರ್ಡು ವಾರೆ. ಆ ನೀರು ಟೀಯನ್ನೇ ಇನ್ನೊಂದು ತರಿಸಿ ಕುಡಿಯುತ್ತಿದ್ದರು.

ನಾನು ಪಾಠವನ್ನು ನಿಯಮದಿಂದ ನಿಯಮಕ್ಕೆ ಒಯ್ಯುತ್ತಿದ್ದೆ. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬರಬಾರದು. ನಾವು ಕನ್ನಡದಲ್ಲಿ ಅದರ ಬಗ್ಗೆ ಚರ್ಚಿಸಿದೆವು ಅನ್ನುವುದರಿಂದ ನಮ್ಮ ಕಿವಿ ಆ ‘ಅಬೌಟ್’ ಅನ್ನು ಕೇಳಿ ಪಡೆಯುತ್ತದೆ. ‘ಒನ್ ಆಫ್ ದಿ’ ಆದ ಮೇಲೆ ನಾಮಪದ ಬಹುವಚನ, ಕ್ರಿಯಾಪದ ಏಕವಚನ. ‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ. ಹೆಡತಲೆಯವಳು ಇವನ್ನೆಲ್ಲ ಚೊಕ್ಕವಾಗಿ ಬರೆದುಕೊಳ್ಳುತ್ತಿದ್ದಳು, ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ಟೆಸ್ಟ್ ಕೊಟ್ಟರೆ ಅಂಕ ಮಾತ್ರ ಅಲ್ಲೇ ನಿಂತಿರುತ್ತಿತ್ತು. ಇನ್ನಷ್ಟು ನಿಯಮ ಬೇಕೇನೋ ಎಂದು ನಾನು ಇನ್ನಷ್ಟು ಕೊಟ್ಟೆ. ನನಗೂ ಬೇರೆ ಏನು ಮಾಡಬೇಕೆಂದು ತೋಚಲಿಲ್ಲ, ತೋಚಬೇಕೆಂಬ ಆಸೆಯೂ ಇರಲಿಲ್ಲ.

ಪರೀಕ್ಷೆಗೆ ಇನ್ನು ಎರಡು ತಿಂಗಳಿದೆ ಅನ್ನುವಾಗ ಒಂದು ಶನಿವಾರ ಮಧ್ಯಾಹ್ನ ಮರುದಿನದ ಪತ್ರಿಕೆ ತಯಾರಿಸಲು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ವಾಕ್ಯಗಳನ್ನು ಆರಿಸಿದೆ. ಗೆರೆ ಎಳೆದೆ. ಪ್ರತಿಯೊಂದಕ್ಕೂ ನಾಲ್ಕು ತಪ್ಪು ಬರೆದೆ, ಅದು ಕೈಗೆ ಅಭ್ಯಾಸವಾಗಿಬಿಟ್ಟಿದೆ. ಇನ್ನು ಅದಲುಬದಲು ಮಾಡಬೇಕು. ಮೊದಲನೆಯ ವಾಕ್ಯ ನದಿಯ ನೀರಿನ ಮಟ್ಟ ಇಳಿದದ್ದರ ಬಗ್ಗೆ ಇತ್ತು, ಸರಳವಾದ ಒಳ್ಳೆಯ ವಾಕ್ಯ. ಅದನ್ನು ನೋಡುತ್ತ ಕೂತೆ. ಕೆಡಿಸಲು ಮನಸ್ಸಾಗಲಿಲ್ಲ. ಬೇಡ ಅನ್ನಿಸಿತು ಎಂದರೂ ಹೆಚ್ಚಾಗುತ್ತದೆ, ಕೈ ಎತ್ತಲಾಗಲಿಲ್ಲ. ಎರಡನೆಯದಕ್ಕೆ ಹೋದೆ, ಅದೂ ಹಾಗೇ. ಎಲ್ಲವನ್ನೂ ಇದ್ದ ಹಾಗೇ ಬಿಟ್ಟು, ಫೈಲನ್ನು ಸೆಂಟರಿಗೆ ಕಳಿಸಿ, ಮಲಗಿಬಿಟ್ಟೆ.

ಹಾಗಾಗಿ ಭಾನುವಾರ ನನ್ನ ಬ್ಯಾಚಿನ ಕೈಗೆ ಹೋದದ್ದು ಒಂದೂ ತಪ್ಪಿಲ್ಲದ ಪತ್ರಿಕೆ. ಮೊದಲಿನಿಂದ ಕೊನೆಯ ತನಕ ಎಲ್ಲಕ್ಕೂ ಐದನೆಯ ಆಯ್ಕೆಯೇ ಉತ್ತರ. ಹತ್ತು ನಿಮಿಷದಲ್ಲಿ ಯಾರಾದರೂ ಕೈ ಎತ್ತಿ, ಇದೇನು ಮೇಡಂ ಎಲ್ಲ ಸರಿಯಾಗಿದೆಯಲ್ಲ ಎಂದು ಕೇಳುತ್ತಾರೆ, ಪ್ರಿಂಟಿನಲ್ಲಿ ಏನೋ ಆಗಿದೆ ಎಂದು ಹೇಳಿ ವಾಪಸು ತೆಗೆದುಕೊಂಡರಾಯಿತು ಅಂದುಕೊಂಡಿದ್ದೆ.

ಯಾರೂ ಕೈ ಎತ್ತಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ತಿದ್ದುತ್ತಿದ್ದರು. ಸದ್ದಿಲ್ಲದೆ, ಶ್ರದ್ಧೆಯಿಂದ, ಒಂದೊಂದೇ ವಾಕ್ಯವನ್ನು ಕೆಡಿಸುತ್ತಿದ್ದರು. ನಿನ್ನೆ ನನ್ನ ಕೈಯಲ್ಲಾಗದ ಕೆಲಸವನ್ನು ಇಡೀ ಕೋಣೆ ಸೇರಿ ಮಾಡುತ್ತಿತ್ತು.

ಉತ್ತರಗಳನ್ನು ನೋಡಿದೆ. ಐದನೆಯದಕ್ಕೆ ಗುರುತು ಹಾಕಿದವರು ಬೆರಳೆಣಿಕೆಯಷ್ಟು, ಅವರೂ ಒಂದೆರಡು ಕಡೆ ಮಾತ್ರ. ಹೆಡತಲೆಯವಳು ಒಂದು ಕಡೆಯೂ ಹಾಕಿರಲಿಲ್ಲ. ಒಂದು ವಾಕ್ಯದಲ್ಲಿ ಅವಳು ಮೊದಲು ಐದನೆಯದಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಆಮೇಲೆ ಅಳಿಸಿ ಬೇರೊಂದನ್ನು ತುಂಬಿದ್ದು ಕಾಗದದ ಮೇಲೆ ಕಾಣುತ್ತಿತ್ತು. ಹಳೆಯ ಟೆಸ್ಟುಗಳ ಹಾಳೆಗಳನ್ನೂ ತೆಗೆಸಿ ನೋಡಿದೆ. ಅವಳು ಕಳೆದುಕೊಂಡ ಅಂಕಗಳಲ್ಲಿ ದೊಡ್ಡ ಪಾಲು ಸರಿಯಾಗಿದ್ದ ವಾಕ್ಯಗಳಲ್ಲೇ ಹೋಗಿತ್ತು. ತಪ್ಪಿದ್ದಲ್ಲಿ ಅವಳು ಸರಿಯಾಗಿಯೇ ತಿದ್ದಿದ್ದಳು.

ಮುಂದಿನ ಕ್ಲಾಸಿನಲ್ಲಿ ವಿಷಯ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, "ಯಾಮಾರ್ಸ್‌ಬುಟ್ರಲ್ಲ ಮೇಡಂ" ಎಂದ. ಅವತ್ತು ಸಂಜೆಯೇ ಸೆಂಟರಿನ ಮಾಲೀಕರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಯಾರೋ ದೂರು ಕೊಟ್ಟಿದ್ದರು.

"ನೋಡಿ ಮೇಡಂ, ನಿಮ್ಮ ಪರಿಸ್ಥಿತಿ ನಂಗೆ ಅರ್ಥ ಆಗುತ್ತೆ. ಬೇಕಿದ್ರೆ ಇನ್ನೊಂದು ತಿಂಗಳು ರಜ ತಗೊಳ್ಳಿ. ಪರೀಕ್ಷೆ ಹತ್ರ ಬಂದಾಗ ಹುಡುಗರ ಜೊತೆ ಹೀಗೆಲ್ಲ ಆಟ ಆಡಬಾರದು. ಇನ್ನೂ ಅರ್ಧ ಸ್ಟಡಿ ಮೆಟೀರಿಯಲ್ ಹಾಗೇ ಉಳಿದಿದೆ, ಮೊದ್ಲು ಅದು ಮುಗಿಸಿ."

ಸರಿ ಸರ್ ಎಂದು ಹೇಳಿ ಹೊರಗೆ ಬಂದೆ. ಬೈಸಿಕೊಂಡದ್ದಕ್ಕೆ ಬೇಜಾರೂ ಆಗಲಿಲ್ಲ. ಮೆಟ್ಟಿಲ ಮೇಲೆ ಹೆಡತಲೆಯವಳು ಕಾಯುತ್ತಾ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಐದನೇದು ಒಂದೂ ಹಾಕಿಲ್ವಲ್ಲ, ಯಾಕೆ?" ಎಂದು ಕೇಳಿದೆ. "ಒಂದು ಕಡೆ ಹಾಕಿ ಅಳಿಸಿದ್ದೀಯ. ಅಲ್ಲಿ ಏನು ತಪ್ಪು ಕಂಡಿತು?"

"ಏನೂ ಕಾಣ್ನಿಲ್ಲ ಮೇಡಂ."

"ಮತ್ತೆ?"

ಅವಳು ಸೆರಗಿನ ತುದಿ ಸುತ್ತುತ್ತಾ ಹೇಳಿದಳು: "ಪೂರ್ತಿ ಸರಿಯಾಗದೆ ಅಂತ ಎಂಗೆ ಅನ್ನದು ಮೇಡಂ? ಬಾಯಿಗೆ ಬರಕ್ಕಿಲ್ಲ. ನಮ್ಮಟ್ಟೀಲಿ ಅಸ ಕರ ಆಕುದ್ರೆ ನೋಡಕ್ಕೆ ಬಂದೋರೆಲ್ಲ ಏನಾರ ಒಂದು ಕೊಂಕು ತಗೀತಾರೆ. ಕಿವಿ ಚಿಕ್ಕದಾಯ್ತು, ಕಾಲು ವಸಿ ವಾರೆ ಅಂತ. ಸಂದಾಗದೆ ಅಂತ ಯಾರಾರ ಅಂದ್ಬುಟ್ರೆ, ಅವ್ರು ಆ ಕಡೆ ಓಗ್ತಿದ್ದಂಗೆ ನಮ್ಮತ್ತೆ ಮೆಣಸಿನಕಾಯಿ ನೀವಾಳ್ಸಿ ಒಲೆಗಾಕ್ತಾರೆ. ನನ್ನ ಮಗ ಉಟ್ಟಾಗ್ಲೂ ಅಂಗೇಯ. ಕಪ್ಪು ಕಪ್ಪು ಅಂತಾನೇ ಎತ್ತಾಡ್ಸುದ್ರು, ಅವನು ಇರದು ಬೆಳ್ಳಗೆ."

ನಗಬೇಕಾದ ಮಾತು. ಅವಳೂ ಅರ್ಧ ನಕ್ಕಳು. ನನಗೆ ನಗು ಬರಲಿಲ್ಲ, ಆದರೆ ಬಹಳ ದಿನದ ಮೇಲೆ ಒಂದು ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡೆ. ನಮ್ಮ ಸೀಮೆಯಲ್ಲಿ ಇದು ಯಾರ ಮನೆಯಲ್ಲಿಲ್ಲ? ಚೆನ್ನಾಗಿರುವುದನ್ನು ಚೆನ್ನಾಗಿದೆ ಅಂದರೆ ದೃಷ್ಟಿಯಾಗುತ್ತದೆ. ಅದಕ್ಕೆ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಕಟ್ಟುತ್ತಿರುವ ಮನೆಗೆ ಬೆದರುಬೊಂಬೆ. ಪ್ರೀತಿ ಇರುವ ಕಡೆಯೇ ಕೊಂಕು ಹೆಚ್ಚು. ಹಾಗೆ ಬೆಳೆದವಳ ಮುಂದೆ ಪರದೇಶದ ಭಾಷೆಯ ವಾಕ್ಯವೊಂದನ್ನು ಇಟ್ಟು, ಇದರಲ್ಲಿ ಏನೂ ತಪ್ಪಿಲ್ಲ ಎಂದು ಗುರುತು ಹಾಕು ಅಂದರೆ ಅವಳ ಕೈ ಹೇಗೆ ಬಂದೀತು. ಅದೂ ಹೈಸ್ಕೂಲಿನಿಂದ ಇಂಗ್ಲಿಷಿನಲ್ಲಿ ನಿನ್ನದೇ ತಪ್ಪು ಎಂದು ಕೇಳಿಕೊಂಡೇ ಬಂದವಳ ಕೈ.

ಬಸ್ಸಿನಲ್ಲಿ ಊರಿಗೆ ಹೋಗುತ್ತಾ ತೀರ್ಮಾನ ಮಾಡಿದೆ. ಉಳಿದ ಮೆಟೀರಿಯಲ್ಲು ಉಳಿಯಲಿ. ಹೊಸ ನಿಯಮ ಇನ್ನು ಒಂದೂ ಬೇಡ. ಪರೀಕ್ಷೆಯ ತನಕ ಪ್ರತಿ ಪತ್ರಿಕೆಯಲ್ಲೂ ಅರ್ಧ ವಾಕ್ಯಗಳನ್ನು ಕೆಡಿಸದೆ ಬಿಡುವುದು, ಸರಿಯಾದದ್ದನ್ನು ಸರಿ ಅನ್ನುವುದನ್ನು ಅಭ್ಯಾಸ ಮಾಡಿಸುವುದು. ಮಾಲೀಕರಿಗೆ ಹೇಳಿದರೆ ಬೇಡ ಅನ್ನುತ್ತಾರೆ, ಹಾಗಾಗಿ ಹೇಳಲಿಲ್ಲ. ಕೆಲಸ ಹೋದರೆ ಹೋಗಲಿ ಎಂಬ ಧೈರ್ಯ ಎಂದು ಯಾರೂ ತಿಳಿಯಬೇಡಿ. ಹೋದರೂ ಗೊತ್ತಾಗದಂಥ ಸ್ಥಿತಿಯಲ್ಲಿದ್ದೆ.

ಮುಂದಿನ ಭಾನುವಾರದಿಂದ ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ, ಒಂದು ವಾಕ್ಯ ಜೋರಾಗಿ ಓದಿಸಿ, ಸರಿಯೋ ತಪ್ಪೋ ಹೇಳಿ ಎಂದು ಕೇಳತೊಡಗಿದೆ. ತಪ್ಪು ಅನ್ನುವವರ ದನಿ ಕಿಟಕಿಯಾಚೆಗೂ ಕೇಳುತ್ತಿತ್ತು. ಸರಿ ಅನ್ನಬೇಕಾದಾಗ ಗಂಟಲೇ ಇಳಿದುಹೋಗುತ್ತಿತ್ತು. "ಪರವಾಗಿಲ್ಲ ಮೇಡಂ" ಎಂದ ಒಬ್ಬ. ಹೆಡತಲೆಯವಳು ಎದ್ದು ನಿಂತು, ವಾಕ್ಯವನ್ನು ಎರಡು ಸಲ ಓದಿ, "ಸುಮಾರಾಗದೆ" ಎಂದಳು.

"ಸುಮಾರು ಅನ್ನುವ ಆಯ್ಕೆ ಇಲ್ಲ ಕಣಮ್ಮ. ಐದರಲ್ಲಿ ಎಲ್ಲಿದೆ ತೋರಿಸು."

ಎಲ್ಲರೂ ನಕ್ಕರು. ಮತ್ತೊಮ್ಮೆ ಹೇಳಿಸಿದೆ. ಮೂರನೆಯ ಸಲ ನೆಲ ನೋಡಿಕೊಂಡು, ಕದ್ದ ಮಾಲು ಒಪ್ಪಿಸುವವಳ ಹಾಗೆ, "ಸರಿಯಾಗದೆ" ಎಂದಳು.

ಮೂರು ವಾರ ಹೀಗೆ ನಡೆಯಿತು. ಆಮೇಲೆ ಕೊಟ್ಟ ದೊಡ್ಡ ಟೆಸ್ಟಿನಲ್ಲಿ ಅವಳ ಅಂಕ ಹಿಂದೆಂದಿಗಿಂತ ಕೆಳಗೆ ಬಿತ್ತು. ಹಾಳೆ ನೋಡಿದರೆ, ಕಂಡಕಂಡಲ್ಲೆಲ್ಲ ಐದನೆಯದಕ್ಕೆ ಗುರುತು ಹಾಕಿದ್ದಳು. ‘ಡಿಸ್ಕಸ್ ಅಬೌಟ್’ ಅನ್ನೂ ಸರಿಯೆಂದು ಬಿಟ್ಟಿದ್ದಳು. ಅದು ಅವಳು ನಿದ್ದೆಯಲ್ಲೂ ತಿದ್ದಬಲ್ಲ ತಪ್ಪು. ಒಂದು ಹೊಂಡದಿಂದ ಎತ್ತಿ ಇನ್ನೊಂದಕ್ಕೆ ಹಾಕಿದ್ದೆ. ಅಂಕ ಗೊತ್ತಾದ ಮಾರನೆಯ ದಿನವೇ ಮಾವ ಮೆಟ್ಟಿಲು ಹತ್ತಿ ಮೇಲಕ್ಕೇ ಬಂದರು.

"ಮೇಡಮ್ಮೋರೆ, ತಪ್ಪು ತಿಳ್ಕಬೇಡಿ. ಮೊದ್ಲೇ ಎಸ್ಟೋ ವಾಸಿಯಾಗಿತ್ತಲ್ವರಾ? ಈ ಕೂಸು ರಾತ್ರಿ ಉಣ್ಣಕ್ಕೂ ಬರ್ನಿಲ್ಲ. ಇನ್ನು ಬ್ಯಾಡ ಬುಡಿ ಅಂತಾ ಅವಳೆ. ನೀವೇ ಒಂದು ಮಾತು ಯೋಳಿ. ಬುಡು ಅಂದ್ರೆ ಬುಡುಸ್ಬುಡ್ತೀನಿ."

ಮಾವನ ಹಿಂದೆ ಅವಳು ನಿಂತಿದ್ದಳು. ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಅವಳ ಎಂಟು ವರ್ಷದ ಆಸೆ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ಬುದ್ಧಿಗೆ ಗೊತ್ತಾಗುತ್ತಿತ್ತು. ಎದೆಗೆ ಗೊತ್ತಾಗುತ್ತಿರಲಿಲ್ಲ. ಎದೆಯನ್ನು ಕಾಯುತ್ತಾ ಕೂರಲು ಸಮಯವಿಲ್ಲವಾದ್ದರಿಂದ ಬುದ್ಧಿಯನ್ನೇ ನಂಬಿ ಹೇಳಿದೆ: "ಬಿಡಿಸಬೇಡಿ. ಭಾನುವಾರ ಒಂದೇ ಸಾಲದು, ಬುಧವಾರವೂ ಕರ್ಕೊಂಡು ಬನ್ನಿ."

ಆ ಬುಧವಾರಗಳಲ್ಲಿ ನಾವಿಬ್ಬರೇ ಕೂತು ಕೈಗೆ ಒಂದು ದಾರಿ ಮಾಡಿಕೊಂಡೆವು. ಮೊದಲು ಅಂಗೈಯಿಂದ ಆಯ್ಕೆಗಳನ್ನು ಮುಚ್ಚುವುದು. ಅವನ್ನು ನೋಡಿದರೆ ಇಲ್ಲದ ಅನುಮಾನ ಹುಟ್ಟುತ್ತದೆ. ಆಮೇಲೆ ಪೆನ್ಸಿಲಿನ ತುದಿಯನ್ನು ಕ್ರಿಯಾಪದದ ಮೇಲಿಟ್ಟು ಯಾರು ಎಂದು ಕೇಳುವುದು. ಕರ್ತೃ ಒಂದೋ ಹಲವೋ, ಕ್ರಿಯಾಪದ ಅದಕ್ಕೆ ಹೊಂದಿತೋ ಇಲ್ಲವೋ. ಅಲ್ಲಿಂದ ಯಾವಾಗ ಎಂದು ಕೇಳುವುದು, ಕಾಲ ಸರಿಯಾಗಿದೆಯೋ. ಕೊನೆಗೆ ಸಣ್ಣ ಪದಗಳು, ಇನ್, ಆನ್, ಅಟ್, ಅಬೌಟ್, ಇರಬೇಕಾದ್ದು ಇದೆಯೋ, ಇರಬಾರದ್ದು ನುಸುಳಿದೆಯೋ. ಮೂರು ಕಡೆ ಕೇಳಿ ಮುಗಿದಾಗ ಪೆನ್ಸಿಲು ಎಲ್ಲೂ ನಿಲ್ಲದಿದ್ದರೆ ಐದನೆಯದು. ಗುರುತು ಹಾಕಿದ ಮೇಲೆ ತಿರುಗಿ ನೋಡುವ ಹಾಗಿಲ್ಲ.

"ಇದು ದೃಷ್ಟಿ ತೆಗ್ದಂಗೇ ಆಯ್ತಲ್ಲ ಮೇಡಂ," ಎಂದಳು. "ಮೂರು ಸಲ ನೀವಾಳ್ಸಿ ಎಸುದ್ಬುಟ್ಟು, ತಿರುಗ್ ನೋಡ್ದಂಗೆ ಒಳಕ್ಕೆ ಬರದು."

"ಹಾಗೇ ಅಂದುಕೋ. ಕೊಂಕು ಹುಡುಕೋದು ಬೇಡ ಅಂತ ನಾನು ಹೇಳ್ತಿಲ್ಲ. ಮೂರು ಸಲ ಹುಡುಕು. ಸಿಗದಿದ್ದರೆ ಇಲ್ಲ ಅಂತ ಒಪ್ಪಿಕೋ."

ಅವಳಿಗೆ ಇದು ಹಿಡಿಸಿತು. ನಾನು ಬೋರ್ಡಿನ ಮೇಲೆ ಬರೆದ ಯಾವ ನಿಯಮಕ್ಕಿಂತ ಚೆನ್ನಾಗಿ ಹಿಡಿಸಿತು. ಪರೀಕ್ಷೆ ಕಂಪ್ಯೂಟರಿನಲ್ಲಿ ಆದದ್ದರಿಂದ ಅಲ್ಲಿ ಪೆನ್ಸಿಲು ನಡೆಯುವುದಿಲ್ಲ; ಸೆಂಟರಿನ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿ ಮೌಸಿನ ಬಾಣವನ್ನೇ ಪೆನ್ಸಿಲು ಮಾಡಿಸಿದೆ. ಒಂದು ದಿನ ‘ಹ್ಯಾಡ್ ದಿ ಬಸ್ ಕಮ್ ಅರ್ಲಿಯರ್’ ಎಂದು ಶುರುವಾಗುವ ವಾಕ್ಯ ಕೊಟ್ಟೆ. ‘ಇಫ್’ ಇಲ್ಲದೆ ‘ಹ್ಯಾಡ್’ನಿಂದ ಹೊರಡುವ ಅಂಥ ವಾಕ್ಯ ನೋಡಲು ತಲೆಕೆಳಗು, ಆದರೆ ಸರಿ. ಬಾಣ ಯಾರು, ಯಾವಾಗ, ಸಣ್ಣ ಪದ ಎಂದು ಮೂರು ಕಡೆಗೂ ಹೋಗಿ ಬಂತು. ಸ್ವಲ್ಪ ಹೊತ್ತು ನಡುವೆ ನಿಂತಿತು. ಆಮೇಲೆ ಐದನೆಯದಕ್ಕೆ ಹೋಗಿ ಒತ್ತಿತು. ಅವಳು ತಿರುಗಿ ನನ್ನ ಮುಖವನ್ನೂ ನೋಡಲಿಲ್ಲ, ಮುಂದಿನ ಪ್ರಶ್ನೆಗೆ ಹೋದಳು.

ಅಷ್ಟರಲ್ಲಿ ಮಾಲೀಕರಿಗೆ ವಿಷಯ ತಿಳಿದಿತ್ತು. ಮೆಟೀರಿಯಲ್ ಮುಗಿಸದಿದ್ದರೆ ಮುಂದಿನ ಬ್ಯಾಚಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ನೇರವಾಗಿಯೇ ಹೇಳಿದರು. ಫಲಿತಾಂಶ ಬರುವ ತನಕ ತಡೆಯಿರಿ ಎಂದು ಕೇಳಿಕೊಂಡೆ. ಯಾಕೆ ಕೇಳಿಕೊಂಡೆನೋ ನನಗೇ ಆಶ್ಚರ್ಯವಾಯಿತು.

ಮೈಸೂರಿನಲ್ಲಿ ಪರೀಕ್ಷೆ ನಡೆದ ದಿನ ನಾನು ಎಂದಿನಂತೆ ಪಾಠಕ್ಕೆ ಹೋಗಿದ್ದೆ. ಮಧ್ಯಾಹ್ನ ಅವಳು ಫೋನು ಮಾಡಿದಳು. ಹೇಗಾಯಿತು ಎಂದು ಕೇಳಿದ್ದಕ್ಕೆ ಚೆನ್ನಾಗಾಯಿತು ಎಂದೂ ಅನ್ನಲಿಲ್ಲ, ಕೆಟ್ಟಿತು ಎಂದೂ ಅನ್ನಲಿಲ್ಲ. "ನಾಕು ಕಡೆ ಐದನೇದು ಒತ್ತಿವ್ನಿ ಮೇಡಂ. ತಿರುಗ್ ನೋಡ್ನಿಲ್ಲ" ಎಂದಳು, ಅಷ್ಟೇ.

ಅದು ಎರಡು ಹಂತದ ಪರೀಕ್ಷೆ; ಮೊದಲ ಹಂತದಲ್ಲಿ ಇಂಗ್ಲಿಷಿನ ಕಟ್-ಆಫ್ ದಾಟಿದ್ದಳು. ಮುಖ್ಯ ಪರೀಕ್ಷೆಯ ತನಕ ಬುಧವಾರಗಳು ಮುಂದುವರಿದವು. ನನ್ನನ್ನು ಬದಲಿಸುವ ಮಾತನ್ನು ಮಾಲೀಕರು ಮತ್ತೆ ಎತ್ತಲಿಲ್ಲ; ಹೊಸ ಬ್ಯಾಚಿನ ಕರಪತ್ರದಲ್ಲಿ ವಿಶೇಷ ಪದ್ಧತಿ ಎಂದೇನೋ ಹಾಕಿಸಿಕೊಂಡಿದ್ದರು. ಕೊನೆಯ ಫಲಿತಾಂಶ ಬಂದ ದಿನ ಅವಳ ನಂಬರು ಪಟ್ಟಿಯಲ್ಲಿರುವುದನ್ನು ಗಣಿತದ ಮೇಷ್ಟ್ರೇ ಮೊದಲು ನೋಡಿ ನನ್ನ ಹತ್ತಿರ ಓಡಿ ಬಂದರು. ಸಂತೋಷ ಎಂದು ಹೇಳಿದೆ. ಹೇಳಿದೆ ಅಷ್ಟೇ, ಆಗಿರಲಿಲ್ಲ. ಒಳಗೆ ಎಲ್ಲೋ ಹುಡುಕಿ ನೋಡಿದೆ, ಸಿಗಲಿಲ್ಲ.

ಕೆಲಸದ ಆರ್ಡರು ಕೈಗೆ ಬಂದ ಮೇಲೆ ಮಾವ ಸೊಸೆ ಇಬ್ಬರೂ ಮುಡುಕುತೊರೆಯ ದೇವರಿಗೆ ಹರಕೆ ಒಪ್ಪಿಸಲು ಹೊರಟವರು ದಾರಿಯಲ್ಲಿ ನರಸೀಪುರದ ನಮ್ಮ ಮನೆಗೆ ಬಂದರು. ಬೆಳಗಿನ ಹೊತ್ತು. ನಾನು ಆಗ ತಾನೇ ಡಿಕಾಕ್ಷನ್ನಿಗೆ ಇಟ್ಟಿದ್ದೆ. ಒಬ್ಬಳಿಗೆ ಹಾಕಿದ್ದ ಪುಡಿ. ಅದಕ್ಕೇ ಇನ್ನಷ್ಟು ನೀರು ಹೊಯ್ದು ಮೂವರಿಗೂ ಕಾಫಿ ಮಾಡಿ ತಂದೆ. ನನ್ನ ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಮಾವ ಕೂತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

"ಎಲ್ಲಿ ಹಾಕಿದ್ದಾರೆ?" ಎಂದು ಕೇಳಿದೆ.

"ಅದೇನ್ ಕೇಳ್ತೀರಿ ಮೇಡಮ್ಮೋರೆ," ಎಂದು ಮಾವ ಶುರು ಮಾಡಿದರು. "ದೂರ ಆಯ್ತು. ಎರಡು ಬಸ್ಸು ಬದ್ಲಾಯಿಸ್ಬೇಕು. ಬ್ಯಾಂಕು ನೋಡಿದ್ರೆ ಕೋಳಿಗೂಡು ಇದ್ದಂಗದೆ, ಗಾಳಿ ಬೆಳಕು ಏನಿಲ್ಲ. ಮನೆತಾವ ಅಸ ಬೇರೆ ಈಗ ನಾನೇ ನೋಡ್ಕಬೇಕು. ಏನೋ ಒಂದು ಸಿಕ್ಕದೆ ಅನ್ನಿ." ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿಕೊಂಡು ಹೋಗುತ್ತಿತ್ತು. ಕೆಲಸಕ್ಕೆ ದೃಷ್ಟಿಯಾಗದ ಹಾಗೆ ಇರುವ ಕೊಂಕನ್ನೆಲ್ಲ ಒಂದೊಂದಾಗಿ ಹಚ್ಚುತ್ತಿದ್ದರು.

ಆಮೇಲೆ ಲೋಟ ಎತ್ತಿ ಒಂದು ಗುಟುಕು ಕುಡಿದರು. ಲೋಟದೊಳಗೆ ಬಗ್ಗಿ ನೋಡಿದರು.

"ಡಿಕಾಕ್ಷನ್ನು ವಸಿ ಕಮ್ಮಿಯಾಯ್ತು ಕಣ್ರವ್ವಾ."

ಸೊಸೆ ತಟ್ಟನೆ ತಲೆ ಎತ್ತಿದಳು. "ಮಾವ, ಸುಮ್ಕಿರಿ. ಸರಿಯಾಗೇ ಅದೆ." ನೆಲ ನೋಡಿಕೊಂಡಲ್ಲ, ಮಾವನ ಮುಖ ನೋಡಿಕೊಂಡು, ಹೊರಗಿನ ಬೀದಿಗೂ ಕೇಳುವ ಹಾಗೆ ಹೇಳಿದಳು. ಮಾವ ನಕ್ಕು, ಉಳಿದದ್ದನ್ನು ಒಂದೇ ಸಲಕ್ಕೆ ಕುಡಿದು, ಇನ್ನರ್ಧ ಲೋಟಕ್ಕೆಂದು ಕೈ ಚಾಚಿದರು.

ನಾನು ನನ್ನ ಲೋಟವನ್ನು ಬಾಯಿಗಿಟ್ಟೆ. ತೆಳ್ಳಗಿತ್ತು. ಹಾಲಿನ ವಾಸನೆ ಮುಂದಾಗಿ, ಕಾಫಿಯ ಕಹಿ ಎಲ್ಲೋ ಹಿಂದೆ ಉಳಿದಿತ್ತು. ಅದು ನನಗೆ ಗೊತ್ತಾಯಿತು. ಈ ಪ್ರಶ್ನೆಯೊಂದರಲ್ಲಿ ಮಾತ್ರ ನನ್ನ ಶಿಷ್ಯೆಯ ಉತ್ತರ ತಪ್ಪು. ಡಿಕಾಕ್ಷನ್ ನಿಜವಾಗಿಯೂ ಕಡಿಮೆಯಾಗಿತ್ತು.

ಲೋಟಗಳನ್ನು ತೆಗೆದುಕೊಂಡು ಒಳಗೆ ಬಂದೆ. ಅಡುಗೆಮನೆಯ ಕಟ್ಟೆ ಹಿಡಿದು ನಿಂತಾಗ ಅಳು ಬಂತು, ನನ್ನ ಗಂಡ ಹೋದ ಮೇಲೆ ಮೊದಲನೆಯ ಸಲ. ಸದ್ದು ಹೊರಗೆ ಕೇಳದಿರಲೆಂದು ನಲ್ಲಿ ತಿರುಗಿಸಿದೆ. ಅತ್ತು ಮುಗಿದ ಮೇಲೆ ಮುಖ ತೊಳೆದು, ಫಿಲ್ಟರಿನ ಗಸಿ ಕೊಡವಿ, ಮೂರು ಜನಕ್ಕಾಗುವಷ್ಟು ಪುಡಿ ಹಾಕಿ, ಹೊಸದಾಗಿ ನೀರಿಗಿಟ್ಟೆ.